ಒಂದೇ ಅಶ್ವಗಂಧ, ನಾಲ್ಕು ಡಬ್ಬ: ಯಾವುದರ ಹಿಂದೆ ಎಂಥ ತಪಾಸಣೆ?

ಅಶ್ವಗಂಧ ಬೇಕು ಅಂತ ಹೊರಟರೆ ಅದು ನಾಲ್ಕು ರೂಪದಲ್ಲಿ ಸಿಗುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಒಣಗಿದ ಬೇರು, ಇಲ್ಲವೇ ಪೊಟ್ಟಣ ಕಟ್ಟಿಕೊಟ್ಟ ಪುಡಿ. ಆಯುರ್ವೇದ ಔಷಧಿ ಅಂಗಡಿಯಲ್ಲಿ ಹಳೆಯ ಗ್ರಂಥದಲ್ಲಿ ಹೇಳಿದಂತೆ ಮಾಡಿದ ಅಶ್ವಗಂಧಾರಿಷ್ಟ. ಅದರ ಪಕ್ಕದಲ್ಲೇ ಕಂಪನಿಯೊಂದು ತನ್ನದೇ ಹೆಸರಿಟ್ಟು, ಹತ್ತು ಗಿಡಮೂಲಿಕೆ ಸೇರಿಸಿ ಮಾಡಿದ ಮಾತ್ರೆ. ಮೊಬೈಲಿನಲ್ಲಿ ಹುಡುಕಿದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಕ್ಯಾಪ್ಸೂಲ್. ಹಳ್ಳಿ ಕಡೆ ಹಿರೇಮದ್ದು ಅಂತ ಕರೆಯುವ ಅದೇ ಗಿಡ ಎಲ್ಲದರಲ್ಲೂ ಇದೆ. ಆದರೆ ಪ್ರತಿಯೊಂದಕ್ಕೂ ನಿಯಮ ಬೇರೆ, ಕೆಲವಕ್ಕೆ ನೋಡುವ ಅಧಿಕಾರಿಯೂ ಬೇರೆ, ಡಬ್ಬದ ಮೇಲೆ ಬರೆಯಬಹುದಾದ ಮಾತೂ ಬೇರೆ.

‘ಇದು ಸರ್ಕಾರ ಒಪ್ಪಿದ್ದಾ?’ ಅಂತ ಎಲ್ಲರೂ ಕೇಳುತ್ತಾರೆ. ಒಪ್ಪಿದ್ದೇ ಆದರೆ ಯಾರು, ಏನನ್ನು ನೋಡಿ ಒಪ್ಪಿದರು ಅಂತ ಕೇಳುವವರು ಕಡಿಮೆ. ಹೊಸ ಇಂಗ್ಲಿಷ್ ಔಷಧಿ ಅಂಗಡಿಗೆ ಬರುವ ಮುಂಚೆ ಜನರ ಮೇಲೆ ಹಂತ ಹಂತವಾಗಿ ಪರೀಕ್ಷೆ ನಡೆಯುತ್ತದೆ. ಮೇಲಿನ ನಾಲ್ಕರಲ್ಲಿ ಯಾವುದೂ ಸಾಮಾನ್ಯವಾಗಿ ಅಂಥ ಪರೀಕ್ಷೆ ದಾಟಿ ಬಂದಿರುವುದಿಲ್ಲ. ಹಾಗಂತ ನಾಲ್ಕೂ ಒಂದೇ ಅಂತಲ್ಲ. ಆ ವ್ಯತ್ಯಾಸ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಲಿವರ್ರೂ ಉಳಿಯುತ್ತದೆ.

‘ಆಯುಷ್ ಸಚಿವಾಲಯ ಪ್ರಮಾಣಿತ’ ಅಂದರೆ?

ಇದನ್ನು ಮೊದಲೇ ಹೇಳಿಬಿಡಬೇಕು. 2024ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯವೇ ಜನರಿಗೆ ಒಂದು ಎಚ್ಚರಿಕೆ ಕೊಟ್ಟಿತು. ತಾನು ಯಾವ ಕಂಪನಿಯನ್ನೂ, ಯಾವ ಔಷಧಿಯನ್ನೂ ಪ್ರಮಾಣೀಕರಿಸುವುದಿಲ್ಲ, ಒಪ್ಪಿಗೆ ಕೊಡುವುದಿಲ್ಲ, ತಯಾರಿಕೆಯ ಲೈಸೆನ್ಸನ್ನೂ ಕೊಡುವುದಿಲ್ಲ ಅಂತ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ನಮ್ಮಲ್ಲಿ ಅದು ರಾಜ್ಯದ ಆಯುಷ್ ಇಲಾಖೆಯ ಕೆಲಸ. ಕರ್ನಾಟಕದಲ್ಲಿ ತಯಾರಾದ ಎಷ್ಟೋ ಡಬ್ಬಗಳ ಮೇಲೆ ‘ಎಯುಎಸ್’ ಅಂತ ಶುರುವಾಗುವ ನಂಬರ್ ಕಾಣುತ್ತದಲ್ಲ, ಅದು ಈ ಲೈಸೆನ್ಸಿನದು. ಹಾಗಾಗಿ ಯಾವುದೇ ಜಾಹೀರಾತಿನಲ್ಲಿ ‘ಆಯುಷ್ ಸಚಿವಾಲಯದಿಂದ ಪ್ರಮಾಣಿತ’ ಅಂತ ಕಂಡರೆ ಮೊದಲ ಮಾತೇ ಸುಳ್ಳು ಅಂತ ಆಯಿತು. ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ.

‘ಜಿಎಂಪಿ’ ಅನ್ನುವುದು ಕಾರ್ಖಾನೆಗೆ ಸಿಗುವ ಪ್ರಮಾಣಪತ್ರ. ಆಯುರ್ವೇದ ಕಾರ್ಖಾನೆ ಹೇಗಿರಬೇಕು, ಕಚ್ಚಾ ಸಾಮಾನು ಎಲ್ಲಿಡಬೇಕು, ದಾಖಲೆ ಹೇಗೆ ಬರೆಯಬೇಕು ಅಂತ ಔಷಧ ನಿಯಮಗಳ ‘ಶೆಡ್ಯೂಲ್ ಟಿ’ ಹೇಳುತ್ತದೆ. ಇದು ಬೇಕೇ ಬೇಕು, ಸಂಶಯವಿಲ್ಲ. ಆದರೆ ಅದರಿಂದ ನಿಮ್ಮ ಮಂಡಿನೋವು ಹೋಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ‘ಐಎಸ್‌ಒ’ ಅಂತ ದೊಡ್ಡದಾಗಿ ಹಾಕಿಕೊಂಡಿದ್ದರೂ ಇಷ್ಟೇ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆಯುರ್ವೇದ ಔಷಧಿ ತಯಾರಿಸಲು ಲೈಸೆನ್ಸ್ ಬೇಕು, ಮಾರಲು ಬೇಕಿಲ್ಲ. ಮೆಡಿಕಲ್ ಸ್ಟೋರಿಗೆ ಇರುವ ಕಟ್ಟುಪಾಡು ಇಲ್ಲಿ ಇಲ್ಲ. ಜಾತ್ರೆಯ ಮಳಿಗೆಯಲ್ಲೂ, ವಾಟ್ಸಾಪಿನಲ್ಲೂ ಮಾರಬಹುದು. ‘ಅಂಗಡಿಯಲ್ಲೇ ಇಟ್ಟಿದ್ದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ’ ಅನ್ನುವ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಗ್ರಂಥದ ಔಷಧಿ, ಕಂಪನಿಯ ಔಷಧಿ

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಆಯುರ್ವೇದ ಔಷಧಿಯನ್ನು ಎರಡು ಪಾಲು ಮಾಡುತ್ತದೆ. ಮೊದಲನೆಯದು ಗ್ರಂಥದಲ್ಲಿ ಇದ್ದ ಹಾಗೆಯೇ ಮಾಡಿದ್ದು. ಯಾವ ಗ್ರಂಥಗಳು ಅನ್ನುವ ಪಟ್ಟಿ ಕಾಯ್ದೆಯಲ್ಲೇ ಇದೆ: ಚರಕ ಸಂಹಿತೆ, ಅಷ್ಟಾಂಗ ಹೃದಯ, ಶಾರ್ಙ್ಗಧರ ಸಂಹಿತೆ, ಭೈಷಜ್ಯ ರತ್ನಾವಳಿ ಹೀಗೆ. ತ್ರಿಫಲಾ ಚೂರ್ಣ, ದಶಮೂಲಾರಿಷ್ಟ, ಚ್ಯವನಪ್ರಾಶ ಈ ಗುಂಪಿನವು. ಎರಡನೆಯದು ‘ಪೇಟೆಂಟ್ ಅಥವಾ ಪ್ರೊಪ್ರೈಟರಿ’ ಔಷಧಿ. ಇದರಲ್ಲಿರುವ ಒಂದೊಂದು ಮೂಲಿಕೆಯೂ ಗ್ರಂಥದಲ್ಲಿ ಬಂದಿರಬೇಕು, ಆದರೆ ಸೇರಿಸಿದ ಬಗೆ ಮಾತ್ರ ಕಂಪನಿಯದು. ಪೇಟೆಂಟ್ ಅನ್ನುವ ಪದ ನೋಡಿ ಏನೋ ಹೊಸ ಸಂಶೋಧನೆ ಅಂದುಕೊಳ್ಳಬೇಡಿ.

ಎರಡಕ್ಕೂ ಕೇಳುವ ಪುರಾವೆ ಏನು ಅಂತ 2010ರಲ್ಲಿ ಬಂದ 158ಬಿ ನಿಯಮ ಹೇಳುತ್ತದೆ. ಗ್ರಂಥದ ಔಷಧಿಯನ್ನು ಗ್ರಂಥ ಹೇಳಿದ ತೊಂದರೆಗೇ ಮಾರುವುದಾದರೆ ಹೊಸದಾಗಿ ಸುರಕ್ಷತೆಯ ಅಧ್ಯಯನ ಬೇಕಿಲ್ಲ. ಗ್ರಂಥವೇ ಪುರಾವೆ. ಕಂಪನಿಯ ಮಿಶ್ರಣಕ್ಕಾದರೆ ಪ್ರಕಟವಾದ ಬರಹಗಳ ಆಧಾರ ಮತ್ತು ಕೆಲಸ ಮಾಡುತ್ತದೆ ಅಂತ ತೋರಿಸುವ ಒಂದು ಚಿಕ್ಕ ಅಧ್ಯಯನ ಕೇಳುತ್ತಾರೆ. ಗಿಡದ ಸಾರಕ್ಕೆ ಇನ್ನೊಂದು ಲೆಕ್ಕ ಇದೆ. ನೀರಿನಲ್ಲಿ ತೆಗೆದ ಸಾರಕ್ಕೆ ಪ್ರಶ್ನೆ ಕಡಿಮೆ. ನೀರು, ಆಲ್ಕೋಹಾಲ್ ಬಿಟ್ಟು ಬೇರೆ ದ್ರವದಿಂದ ಎಳೆದ ಸಾರಕ್ಕೆ ವಿಷಪರೀಕ್ಷೆ ಬೇಕು. ಇದು ಸರಿಯಾದ ಯೋಚನೆ ಅಂತ ನನಗೆ ಅನ್ನಿಸುತ್ತದೆ. ನಮ್ಮ ಹಿರಿಯರು ಕುಡಿದದ್ದು ಕಷಾಯ, ಅವರ ಅನುಭವ ಕಷಾಯದ್ದು. ಅದನ್ನು ಹಲವು ಪಟ್ಟು ಗಟ್ಟಿ ಮಾಡಿದ ಪುಡಿಗೆ ಆ ಅನುಭವ ಸಾಕ್ಷಿಯಾಗುವುದಿಲ್ಲ.

ಕಾಗದದ ಮೇಲೆ ನೋಡಿದರೆ ಕಂಪನಿಯ ಮಾತ್ರೆಗೆ ಜಾಸ್ತಿ ಪುರಾವೆ ಕೇಳಿದಂತೆ ಕಾಣುತ್ತದೆ. ಆದರೂ ನನ್ನ ಒಲವು ಗ್ರಂಥದ ಔಷಧಿಯ ಕಡೆಗೆ. ಕಾರಣ ಇಷ್ಟು. ಅದರಲ್ಲಿ ಏನಿದೆ ಅನ್ನುವುದು ಎಲ್ಲ ಆಯುರ್ವೇದ ವೈದ್ಯರಿಗೂ ಗೊತ್ತು. ಯಾರಿಗೆ ಕೊಡಬಾರದು, ಎಷ್ಟು ದಿನ ಕೊಡಬೇಕು ಅಂತ ಅವರು ಕಾಲೇಜಿನಲ್ಲೇ ಕಲಿತಿರುತ್ತಾರೆ. ಕಂಪನಿಯ ಮಾತ್ರೆಯಲ್ಲಿ ಹದಿನೈದು ಮೂಲಿಕೆ ಇದ್ದು ಮೈಮೇಲೆ ಗಂದೆ ಎದ್ದರೆ ಯಾವುದರಿಂದ ಎದ್ದಿತು ಅಂತ ಹುಡುಕುವುದು ವೈದ್ಯರಿಗೂ ಕಷ್ಟ.

ಗ್ರಂಥದ ಔಷಧಿ ಅಂದರೆ ಕಣ್ಣುಮುಚ್ಚಿ ತಿನ್ನಬಹುದು ಅಂತಲೂ ಅಲ್ಲ. ವತ್ಸನಾಭಿ, ಕಾಸರಕ, ಗುಲಗಂಜಿ, ದತ್ತೂರ, ಪಾದರಸ ಇಂಥವನ್ನು ‘ಶೆಡ್ಯೂಲ್ ಇ-1’ ಅನ್ನುವ ವಿಷದ ಪಟ್ಟಿಯಲ್ಲಿ ಹಾಕಿದ್ದಾರೆ. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ವೈದ್ಯರ ಸಲಹೆಯಲ್ಲೇ ತೆಗೆದುಕೊಳ್ಳಬೇಕು ಅನ್ನುವ ಎಚ್ಚರಿಕೆ ಡಬ್ಬದ ಮೇಲೆ ಎದ್ದು ಕಾಣಬೇಕು. ನಿಯಮದ ಪ್ರಕಾರ ಆ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಬೇಕು. ಕನ್ನಡ ಕಡ್ಡಾಯವಿಲ್ಲ. ಕನ್ನಡ ಮಾತ್ರ ಓದಬಲ್ಲ ಅಜ್ಜ-ಅಜ್ಜಿಯರಿಗೆ ಈ ಮಾತು ತಲುಪುವುದೇ ಇಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ವಿಷಯ. ಮನೆಯಲ್ಲಿ ಓದಬಲ್ಲವರು ಯಾರಾದರೂ ಒಮ್ಮೆ ಅವರ ಔಷಧಿ ಡಬ್ಬಗಳನ್ನೆಲ್ಲ ತಿರುಗಿಸಿ ನೋಡಿ.

ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಕ್ಯಾಪ್ಸೂಲ್

ಎಫ್‌ಎಸ್‌ಎಸ್‌ಎಐ ನೋಡಿಕೊಳ್ಳುವುದು ಆಹಾರವನ್ನು. ಬಿಸ್ಕತ್ತು, ಉಪ್ಪಿನಕಾಯಿಗೆ ಇರುವ 14 ಅಂಕಿಯ ನಂಬರೇ ಈ ಕ್ಯಾಪ್ಸೂಲಿಗೂ ಇರುತ್ತದೆ. 2016ರಲ್ಲಿ ಪೂರಕ ಆಹಾರಗಳಿಗೆ ಅಂತಲೇ ಪ್ರತ್ಯೇಕ ನಿಯಮ ಬಂತು, 2018ರ ಜನವರಿಯಿಂದ ಜಾರಿಯಾಯಿತು. ಯಾವ ಗಿಡದ ಯಾವ ಭಾಗ ಹಾಕಬಹುದು ಅಂತ ಅದರಲ್ಲಿ ಪಟ್ಟಿ ಇದೆ. ಪಟ್ಟಿಯಲ್ಲಿರುವುದನ್ನೇ ಹಾಕಿದರೆ ಒಂದೊಂದು ಉತ್ಪನ್ನಕ್ಕೂ ಬೇರೆ ಒಪ್ಪಿಗೆ ಬೇಕಿಲ್ಲ.

ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ‘ಔಷಧಿಯಾಗಿ ಬಳಸಲು ಅಲ್ಲ’ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಯಾವ ಕಾಯಿಲೆಯನ್ನೂ ಗುಣಪಡಿಸಲು, ತಡೆಯಲು ಇದು ಮಾಡಿದ್ದಲ್ಲ ಅನ್ನುವ ಇನ್ನೊಂದು ಸಾಲೂ ಇರುತ್ತದೆ. ಇದು ಕಾನೂನು ಕೇಳಿದ್ದು. ಆದರೆ ಅದೇ ಉತ್ಪನ್ನದ ವಿಡಿಯೋದಲ್ಲಿ ‘ಮೂರು ತಿಂಗಳಲ್ಲಿ ಶುಗರ್ ನಾರ್ಮಲ್’ ಅಂತ ಹೇಳುತ್ತಿದ್ದರೆ? ಡಬ್ಬ ಒಂದು ಹೇಳುತ್ತಿದೆ, ಮಾರುವವರು ಇನ್ನೊಂದು ಹೇಳುತ್ತಿದ್ದಾರೆ. ಕಾನೂನಿಗೆ ಹೆದರಿ ಬರೆದ ಮಾತನ್ನೇ ನಂಬಿ.

ನಂಬರಿನಲ್ಲೂ ಸ್ವಲ್ಪ ವಿಷಯ ಸಿಗುತ್ತದೆ. ಮೊದಲ ಅಂಕಿ 1 ಆಗಿದ್ದರೆ ಲೈಸೆನ್ಸ್. 2 ಆಗಿದ್ದರೆ ಅದು ಬರೀ ನೋಂದಣಿ, ಸಣ್ಣಪುಟ್ಟ ವ್ಯಾಪಾರದವರಿಗೆ ಕೊಡುವಂಥದ್ದು. ಉಪ್ಪಿನಕಾಯಿ ಮಾಡುವ ಮನೆಗೆ ಅದು ಸರಿ. ದೊಡ್ಡ ಮಾತಾಡುವ ಹರ್ಬಲ್ ಕ್ಯಾಪ್ಸೂಲಿಗೆ 2ರ ನಂಬರ್ ಇದ್ದರೆ ನಾನಂತೂ ವಾಪಸ್ ಇಡುತ್ತೇನೆ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಅದು ಯಾರದು, ಚಾಲ್ತಿಯಲ್ಲಿದೆಯೇ ಅಂತ ತಿಳಿಯುತ್ತದೆ.

ಈ ಗುಂಪಿನಲ್ಲಿ ನಿಜವಾಗಿ ಹುಷಾರಾಗಿರಬೇಕಾದದ್ದು ಪ್ರಮಾಣದ ಬಗ್ಗೆ. ಅರಿಶಿನ ನಮ್ಮ ಸಾರಿನಲ್ಲಿ ದಿನವೂ ಇರುತ್ತದೆ. ಆದರೆ ಕರ್ಕ್ಯುಮಿನ್ ಕ್ಯಾಪ್ಸೂಲಿನಲ್ಲಿ ಅರಿಶಿನದ ಸಾರವನ್ನು ಗಟ್ಟಿ ಮಾಡಿ, ಮೈಗೆ ಜಾಸ್ತಿ ಹಿಡಿಯಲಿ ಅಂತ ಕಾಳುಮೆಣಸಿನ ಪೈಪರಿನ್ ಬೇರೆ ಸೇರಿಸಿರುತ್ತಾರೆ. ಇಂಥ ಅರಿಶಿನದ ಪೂರಕಗಳಿಂದ ಅಪರೂಪಕ್ಕೆ ಲಿವರ್ ಕೆಡಬಹುದು ಅಂತ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರ ಆಗಸ್ಟ್‌ನಲ್ಲಿ ಎಚ್ಚರಿಸಿದರು. ಅಡುಗೆಯಲ್ಲಿ ಹಾಕುವ ಅರಿಶಿನದ ಬಗ್ಗೆ ಆ ಎಚ್ಚರಿಕೆ ಇರಲಿಲ್ಲ. ಅಶ್ವಗಂಧದಲ್ಲೂ ಹೀಗೇ ಒಂದು ಸೂಕ್ಷ್ಮವಿದೆ. ಔಷಧಿಗೆ ಬಳಸುವುದು ಬೇರು. ಎಲೆ ಅಗ್ಗ, ಹಾಗಾಗಿ ಕೆಲವರು ಎಲೆಯ ಸಾರ ಸೇರಿಸುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ಎಲೆ ಬಳಸಬೇಡಿ ಅಂತ ತಯಾರಕರಿಗೆ ಸೂಚಿಸಿತು. ಡಬ್ಬದ ಮೇಲೆ ‘ಬೇರು’ ಅಂತ ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಬರೀ ‘ಅಶ್ವಗಂಧದ ಸಾರ’ ಅಂತಿದ್ದರೆ ಬೇಡ.

2022ರಿಂದ ‘ಆಯುರ್ವೇದ ಆಹಾರ’ ಅಂತ ಇನ್ನೊಂದು ಗುರುತೂ ಬಂದಿದೆ. ಗ್ರಂಥಗಳಲ್ಲಿ ಹೇಳಿದ ಆಹಾರ ಪದಾರ್ಥಗಳಿಗೆ ಅದು. ಎರಡು ವರ್ಷದೊಳಗಿನ ಮಕ್ಕಳಿಗಾಗಿ ಅದನ್ನು ತಯಾರಿಸುವಂತಿಲ್ಲ.

ಪೊಟ್ಟಣದ ಪುಡಿ, ನಾಟಿ ಔಷಧಿ

ತನ್ನ ರೋಗಿಗೆ ತಾನೇ ಔಷಧಿ ಮಾಡಿಕೊಡುವ ವೈದ್ಯರಿಗೆ ತಯಾರಿಕೆಯ ಲೈಸೆನ್ಸಿನಿಂದ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಹಾಗಾಗಿ ಅವರು ಕೊಡುವ ಪುಡಿಯ ಮೇಲೆ ಬ್ಯಾಚ್ ನಂಬರ್ ಇಲ್ಲ, ಒಳಗೆ ಏನೇನಿದೆ ಅನ್ನುವ ಪಟ್ಟಿ ಇಲ್ಲ, ಪರೀಕ್ಷೆಯೂ ಇಲ್ಲ. ನೀವು ನಂಬುವುದು ಪೂರ್ತಿಯಾಗಿ ಆ ಮನುಷ್ಯನನ್ನು. ಗಿಡಗಳನ್ನು ಚೆನ್ನಾಗಿ ಬಲ್ಲ ನಾಟಿ ವೈದ್ಯರು ನಮ್ಮ ಮಲೆನಾಡಲ್ಲೂ ಬಯಲುಸೀಮೆಯಲ್ಲೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ಅಂಥವರ ಜ್ಞಾನವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಯೋಜನೆಯೊಂದನ್ನು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಮಾಡಿದೆ.

ಆದರೆ ಕಾಮಾಲೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕಾಮಾಲೆ ಅಂದ ಕೂಡಲೇ ನಾಟಿ ಔಷಧಿ, ನೆಲನೆಲ್ಲಿ, ಉಪ್ಪು-ಎಣ್ಣೆ ಇಲ್ಲದ ಪಥ್ಯ. ಹೆಪಟೈಟಿಸ್ ಎ ಬಂದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸುತ್ತಾರೆ, ಹೆಸರು ಔಷಧಿಗೆ ಬರುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಬಂದ ಕಾಮಾಲೆಯೂ ಕಣ್ಣಿಗೆ ಹಾಗೇ ಹಳದಿ ಕಾಣುತ್ತದೆ, ಹೆಪಟೈಟಿಸ್ ಬಿಯೂ ಹಾಗೇ ಕಾಣುತ್ತದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ರೋಗಿ ಮಂಪರಿನಲ್ಲಿ ಮಾತಾಡಿದರೆ, ಎಲ್ಲಾದರೂ ರಕ್ತ ಬಂದರೆ, ಯಾವ ಪಥ್ಯಕ್ಕೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮನೆಯ ಹಿತ್ತಲಿನ ಗಿಡವೇ ಸುರಕ್ಷಿತ ಅಲ್ವಾ ಅಂತ ಕೇಳುತ್ತಾರೆ. ಅಮೃತಬಳ್ಳಿಯನ್ನೇ ನೋಡಿ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುಡಿದರು. ಅದನ್ನು ಕುಡಿದು ಲಿವರ್‌ಗೆ ಪೆಟ್ಟು ಬಿದ್ದ 43 ಜನರ ವಿವರವನ್ನು ದೇಶದ 13 ಆಸ್ಪತ್ರೆಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ‘ಟಿನೋಸ್ಪೊರಾ ಕ್ರಿಸ್ಪಾ’ ಅನ್ನುವ ಬಳ್ಳಿಯಿಂದ ತೊಂದರೆ ಆಗಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ವಾದ ಏನೇ ಇರಲಿ, ನಾವು ಮಾಡಬೇಕಾದ್ದು ಎರಡೇ. ಕಾಂಡದ ತುಂಬ ಗಂಟುಗಂಟಾಗಿ ಎದ್ದಿರುವ ಬಳ್ಳಿಯಾದರೆ ಮುಟ್ಟಬೇಡಿ. ಲಿವರ್ ತೊಂದರೆ ಅಥವಾ ಆಟೋಇಮ್ಯೂನ್ ಕಾಯಿಲೆ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವಂಥದ್ದು) ಇರುವವರು ಸರಿಯಾದ ಅಮೃತಬಳ್ಳಿಯನ್ನೂ ವೈದ್ಯರನ್ನು ಕೇಳದೆ ಕುಡಿಯಬೇಡಿ.

ಹೆಸರಿಲ್ಲದ ಪುಡಿ ಮಂಡಿನೋವಿಗೆ ಎರಡೇ ದಿನದಲ್ಲಿ ಹಿಡಿಯಿತು ಅಂದರೆ ಖುಷಿ ಪಡುವ ಮೊದಲು ಅನುಮಾನ ಪಡಿ. ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದು. ಸಕ್ಕರೆ ಕಾಯಿಲೆಯ ಪುಡಿಯಲ್ಲಿ ಇಂಗ್ಲಿಷ್ ಮಾತ್ರೆ ಅರೆದು ಹಾಕಿರುವುದು ಸಿಕ್ಕಿದೆ. ತಿಂಗಳುಗಟ್ಟಲೆ ಇಂಥ ಪುಡಿ ತಿಂದಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ. ಪೊಟ್ಟಣವನ್ನು ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ. ಸ್ಟೆರಾಯ್ಡ್ ತಟ್ಟನೆ ನಿಂತರೆ ಪ್ರಾಣಕ್ಕೇ ಅಪಾಯವಾಗಬಹುದು.

ಸೀಸ, ಪಾದರಸದ ಪ್ರಶ್ನೆ

2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದರು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಅಮೆರಿಕದಲ್ಲಿ ತಯಾರಾದವೂ ಅದರಲ್ಲಿ ಇದ್ದವು. ನಮ್ಮ ದೇಶದಿಂದ ಹೊರಗೆ ಕಳಿಸುವ ಗಿಡಮೂಲಿಕೆ ಔಷಧಿಗಳಿಗೆ ಲೋಹದ ಪರೀಕ್ಷೆ 2006ರ ಜನವರಿಯಿಂದ ಕಡ್ಡಾಯವಾಗಿದೆ. ಸೀಸ 10 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು), ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಅನ್ನುವುದು ಮಿತಿ. ನಾವು ಕೊಳ್ಳುವಾಗಲೂ ಇದೇ ಪರೀಕ್ಷೆಯ ಫಲಿತಾಂಶ ಕೇಳಬಹುದು. ಈ ಬ್ಯಾಚಿನ ಪರೀಕ್ಷಾ ವರದಿ ಕಳಿಸಿ ಅಂತ ಕಂಪನಿಗೆ ಒಂದು ಮೇಲ್ ಹಾಕಿ. ಕಳಿಸಿದರೆ ಒಳ್ಳೆಯದು. ‘ನಮ್ಮದು ಪೂರ್ತಿ ನೈಸರ್ಗಿಕ’ ಅನ್ನುವ ಉತ್ತರ ಬಂದರೆ ಬೇರೆ ಬ್ರ್ಯಾಂಡ್ ನೋಡಿ. ಭಸ್ಮ, ಸಿಂಧೂರ ಸೇರಿದ ರಸೌಷಧಿಗಳಲ್ಲಿ ಲೋಹವನ್ನು ಬೇಕೆಂದೇ ಸಂಸ್ಕರಿಸಿ ಹಾಕಿರುತ್ತಾರೆ. ಅವನ್ನು ಸ್ವಂತ ತೀರ್ಮಾನದಿಂದ ಕೊಳ್ಳಲೇಬಾರದು, ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಂತೂ ಖಂಡಿತ.

ಜಾಹೀರಾತನ್ನು ಯಾರು ನೋಡುತ್ತಾರೆ?

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ 54 ತೊಂದರೆಗಳ ಪಟ್ಟಿ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಮೂರ್ಛೆರೋಗ, ಕಿಡ್ನಿ ಕಲ್ಲು, ತೊನ್ನು, ಬೊಜ್ಜು, ಪಾರ್ಶ್ವವಾಯು, ಬಂಜೆತನ, ಎತ್ತರ ಹೆಚ್ಚಿಸುವುದು ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಈ ಪಟ್ಟಿ ನೆನಪಿದ್ದರೆ ಬೆಳಗಿನ ಟಿವಿ ಜಾಹೀರಾತುಗಳಲ್ಲಿ ಎಷ್ಟು ಕಾನೂನು ಮೀರಿವೆ ಅಂತ ನಿಮಗೇ ತಿಳಿಯುತ್ತದೆ.

ಜಾಹೀರಾತು ಬರುವ ಮುಂಚೆಯೇ ರಾಜ್ಯದ ಅಧಿಕಾರಿಯ ಒಪ್ಪಿಗೆ ಬೇಕು ಅಂತ 2018ರ ಡಿಸೆಂಬರ್‌ನಲ್ಲಿ 170ನೇ ನಿಯಮ ತಂದಿದ್ದರು. 2024ರ ಜುಲೈಯಲ್ಲಿ ಸಚಿವಾಲಯ ಅದನ್ನು ತೆಗೆಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಆ ತಡೆಯೂ ತೆರವಾಯಿತು. ಅಲ್ಲಿಗೆ ಮುಂಚಿತ ಒಪ್ಪಿಗೆಯ ಆ ಬೇಲಿ ಹೋಯಿತು. ಇದು ತಪ್ಪು ದಾರಿ ಅಂತ ನನ್ನ ಅನಿಸಿಕೆ. ಜಾಹೀರಾತು ನೋಡಿ ದುಡ್ಡು ಕೊಟ್ಟು, ತಿಂದು ಆದಮೇಲೆ ಕೇಸು ಹಾಕಿ ಏನು ಪ್ರಯೋಜನ?

ಹಾಗಾದರೆ ಯಾವುದನ್ನು ಕೊಳ್ಳುವುದು?

ಗಟ್ಟಿಮುಟ್ಟಾಗಿದ್ದೀರಿ, ಅಜೀರ್ಣಕ್ಕೋ ಮಲಬದ್ಧತೆಗೋ ಏನಾದರೂ ಬೇಕು ಅಂದರೆ ಗ್ರಂಥದ ಔಷಧಿ ಸಾಕು. ತ್ರಿಫಲಾ ಕೊಳ್ಳುವಾಗ ಲೈಸೆನ್ಸ್ ನಂಬರ್, ಬ್ಯಾಚ್, ತಯಾರಾದ ತಾರೀಕು, ಆಧಾರ ಗ್ರಂಥದ ಹೆಸರು, ಪೂರ್ತಿ ಪಟ್ಟಿ ಇವೆಲ್ಲ ಇರುವುದನ್ನು ಆರಿಸಿ. ಎರಡು ವಾರದಲ್ಲಿ ಗುಣ ಕಾಣದಿದ್ದರೆ ಬ್ರ್ಯಾಂಡ್ ಬದಲಿಸುತ್ತಾ ಕೂರದೆ ವೈದ್ಯರನ್ನು ನೋಡಿ.

ಸಕ್ಕರೆ, ಬಿಪಿ, ಥೈರಾಯ್ಡ್ ಮಾತ್ರೆ ದಿನಾ ತಿನ್ನುವವರಿಗೆ ನನ್ನ ಸಲಹೆ ಬೇರೆ. ಅಂಗಡಿಯಿಂದ ನೇರವಾಗಿ ಏನನ್ನೂ ತರಬೇಡಿ. ನೋಂದಾಯಿತ ಆಯುರ್ವೇದ ವೈದ್ಯರ ಹತ್ತಿರ ಹೋಗಿ, ನಿಮ್ಮ ಇಂಗ್ಲಿಷ್ ಮಾತ್ರೆಯ ಚೀಟಿ ತೋರಿಸಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಅರಿಶಿನ, ಬೆಳ್ಳುಳ್ಳಿಯ ಕ್ಯಾಪ್ಸೂಲುಗಳಿಂದ ರಕ್ತಸ್ರಾವದ ಭಯವಿದೆ. ಆಪರೇಷನ್ ಇದ್ದರೆ ಇದನ್ನೆಲ್ಲ ಮೊದಲೇ ಹೇಳಿ. ಗರ್ಭಿಣಿಯರು ಅಶ್ವಗಂಧದಿಂದ ದೂರವಿರುವುದು ಒಳ್ಳೆಯದು.

ಮಕ್ಕಳು ಅಮೆರಿಕದಿಂದ ತಂದುಕೊಟ್ಟ ಡಬ್ಬದ ಬಗ್ಗೆ ಚಿಕ್ಕದಾಗಿ. ಅಲ್ಲಿ 1994ರ ಕಾಯ್ದೆಯಂತೆ ಪೂರಕಗಳಿಗೆ ಮಾರಾಟದ ಮೊದಲು ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ವಿದೇಶದ್ದು ಅನ್ನುವ ಕಾರಣಕ್ಕೆ ಜಾಸ್ತಿ ತಪಾಸಣೆ ಆಗಿದೆ ಅಂತ ತಿಳಿಯಬೇಡಿ. ಕೆನಡಾದಲ್ಲಿ ಮಾರುವ ಮೊದಲೇ ಪರಿಶೀಲಿಸಿ ‘ಎನ್‌ಪಿಎನ್’ ನಂಬರ್ ಕೊಡುತ್ತಾರೆ. ಅಲ್ಲಿರುವ ಕನ್ನಡಿಗರು ಆ ನಂಬರ್ ಇರುವುದನ್ನೇ ಕೊಳ್ಳಿ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅಲ್ಲಿಗೆ ಹೊರಟವರ ಸೂಟ್‌ಕೇಸಿನಲ್ಲಿ ಲೇಹ್ಯ ತುಂಬುವ ಮೊದಲು ಇದು ನೆನಪಿರಲಿ.

ಏನಾದರೂ ತಿಂದ ಮೇಲೆ ಮೂತ್ರ ಗಾಢ ಹಳದಿಯಾದರೆ, ಮೈ ತುರಿಸಿದರೆ, ಹೊಟ್ಟೆಯ ಬಲಭಾಗ ನೋಯುತ್ತಿದ್ದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಡಬ್ಬ ಎಸೆಯಬೇಡಿ, ಉಳಿದ ಔಷಧಿಯನ್ನೂ ಬಿಲ್ಲನ್ನೂ ಇಟ್ಟುಕೊಳ್ಳಿ. ಔಷಧಿಯಿಂದಾದ ತೊಂದರೆಯನ್ನು 1800 180 3024ಕ್ಕೆ ಹೇಳಬಹುದು. ಆಯುಷ್ ಔಷಧಿಗೆಂದೇ 2025ರ ಮೇನಲ್ಲಿ ‘ಆಯುಷ್ ಸುರಕ್ಷಾ’ ಅನ್ನುವ ಪೋರ್ಟಲ್ ಶುರುವಾಗಿದೆ, ಸುಳ್ಳು ಜಾಹೀರಾತಿನ ದೂರನ್ನೂ ಅಲ್ಲಿ ಕೊಡಬಹುದು. ಎಫ್‌ಎಸ್‌ಎಸ್‌ಎಐ ನಂಬರಿನ ಡಬ್ಬವಾದರೆ ದೂರು ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ, ದುಡ್ಡು ವಾಪಸ್ ಬೇಕಾದರೆ ಗ್ರಾಹಕ ಸಹಾಯವಾಣಿ 1915ರಲ್ಲಿ. ದೂರು ಬರೆಯುವಾಗ ಬ್ಯಾಚ್ ನಂಬರ್ ತಪ್ಪದೆ ಹಾಕಿ. ಅದೊಂದಿದ್ದರೆ ಅಧಿಕಾರಿಗಳು ಅದೇ ಬ್ಯಾಚಿನ ಬೇರೆ ಡಬ್ಬಗಳನ್ನು ಅಂಗಡಿಯಿಂದ ತರಿಸಿ ಲ್ಯಾಬಿಗೆ ಕಳಿಸಬಹುದು.